ಕಾವಲು ಕಿರಿಕಿರಿಯೆಂದು ಕಿತ್ತುಹಾಕಿ ಕೆಟ್ಟೆ

ಏಳೂವರೆ ಎಕರೆ ಖುಷ್ಕಿ ನನ್ನದು, ಚಳ್ಳಕೆರೆ ಸೀಮೆ. ಕೊಳವೆಬಾವಿ ಇಲ್ಲ, ಮಳೆ ಬಂದರೆ ಬೆಳೆ. ಓದಿದ್ದು ಏಳನೇ ತರಗತಿ. ಇಂಥವನು ಕಂಪ್ಯೂಟರಿನ ವೈರಸ್ ಕಾವಲಿನ ಬಗ್ಗೆ ಬರೆಯುವುದೇ ಎಂದು ಓದುಗರು ನಗಬಹುದು. ಶೇಂಗಾ ಬೆಳೆಯ ಎಲೆಸುರುಳಿ ಹುಳದ ಬಗ್ಗೆ ಬರೆ ಎಂದಿದ್ದರೆ ಒಂದೇ ರಾತ್ರಿಗೆ ಬರೆದುಕೊಡುತ್ತಿದ್ದೆ. ಆದರೆ ಈ ಕಾವಲು ತಂತ್ರಾಂಶದ ಮೇಲೆ ಸಿಟ್ಟು ಮಾಡಿಕೊಂಡು ನಾನು ಕಳೆದುಕೊಂಡದ್ದು ಒಂದು ಬರಗಾಲದ ಪೂರ್ತಿ ಲೆಕ್ಕ. ಈಗ ಹಳ್ಳಿಯಲ್ಲೂ ಫೋನಿಲ್ಲದ ಮನೆಯಿಲ್ಲ, ಸಂಘಕ್ಕೊಂದು ಕಂಪ್ಯೂಟರಿದೆ. ನನ್ನಂತೆ ಇನ್ನೊಬ್ಬರು ಕೆಡದಿರಲಿ ಅಂತ ಬರೆಯುತ್ತಿದ್ದೇನೆ.

ನಾವು ಮೂರು ಹಳ್ಳಿಯ ಹದಿನಾಲ್ಕು ಮಂದಿ ಸೇರಿ ಒಂದು ಬೀಜದ ಮನೆ ನಡೆಸುತ್ತೇವೆ. ನವಣೆ, ಸಾಮೆ, ಸಜ್ಜೆ, ಹುರುಳಿ, ಹುಚ್ಚೆಳ್ಳು, ನಾಟಿ ತೊಗರಿ. ಒಂದು ಸೇರು ಬೀಜ ಒಯ್ದವರು ಸುಗ್ಗಿಯಲ್ಲಿ ಒಂದೂವರೆ ಸೇರು ತಂದು ಅಳೆಯಬೇಕು, ಅಷ್ಟೇ ಕರಾರು. ಯಾರು ಒಯ್ದರು, ಯಾವ ಹೊಲ, ಯಾವ ಮಳೆಗೆ ಬಿತ್ತಿದರು, ಎಷ್ಟು ದಿನಕ್ಕೆ ತೆನೆ ಬಂತು, ಹಕ್ಕಿ ಎಷ್ಟು ತಿಂತು ಎಂಬುದನ್ನೆಲ್ಲ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಉದ್ದ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. 2016ರಲ್ಲಿ ಒಂದು ಹಳೇ ಕಂಪ್ಯೂಟರನ್ನು ಒಂಬತ್ತು ಸಾವಿರಕ್ಕೆ ತಂದೆವು. ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನ ತಂಗಿಯ ಮಗ ಬಂದು ಎಲ್ಲ ಜೋಡಿಸಿಕೊಟ್ಟ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ ಆರು ತಿಂಗಳಲ್ಲಿ ಕನ್ನಡ ಟೈಪಿಂಗ್ ಕಲಿತೆ.

ಹಸಿರಿದ್ದರೆ ಕ್ಷೇಮ

ಆಗ ಅದರಲ್ಲಿದ್ದದ್ದು ವಿಂಡೋಸ್ 7. ಅಳಿಯ ಒಂದು ಪುಕ್ಕಟೆ ಆ್ಯಂಟಿವೈರಸ್ ಹಾಕಿದ. "ಮಾವ, ಗಡಿಯಾರದ ಪಕ್ಕ ಈ ಸಣ್ಣ ಗುರುತು ನೋಡು. ಹಸಿರಿದ್ರೆ ಚಿಂತೆ ಇಲ್ಲ. ಕೆಂಪಾದ್ರೆ ಫೋನ್ ಮಾಡು" ಅಂದ. ಇಷ್ಟೇ ಪಾಠ. ಏಳನೇ ಕ್ಲಾಸಿನವನಿಗೂ ತಿಳಿಯುವಂಥದ್ದು.

ಅದು ಕೆಲಸವನ್ನೂ ಮಾಡುತ್ತಿತ್ತು. ನಮ್ಮಲ್ಲಿ ಪ್ರಿಂಟರ್ ಇಲ್ಲ. ಪಟ್ಟಿ ಬೇಕೆಂದರೆ ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಹೋಬಳಿ ಊರಿನ ಜೆರಾಕ್ಸ್ ಅಂಗಡಿಗೆ ಹೋಗಬೇಕು. ಅಂಗಡಿಯ ಯಂತ್ರಕ್ಕೆ ದಿನಕ್ಕೆ ಐವತ್ತು ಜನರ ಪೆನ್‌ಡ್ರೈವ್ ಚುಚ್ಚುತ್ತಾರೆ. ಸಂತೆಯಲ್ಲಿ ಎಲ್ಲ ಊರಿನ ದನ ಒಂದೇ ತೊಟ್ಟಿಯಲ್ಲಿ ನೀರು ಕುಡಿದ ಹಾಗೆ. ವಾಪಸ್ ಬಂದು ನಮ್ಮ ಕಂಪ್ಯೂಟರಿಗೆ ಚುಚ್ಚಿದೊಡನೆ ಆ್ಯಂಟಿವೈರಸ್ 'ಹಿಡಿದೆ' ಎಂದು ಒಂದು ಸಾಲು ತೋರಿಸಿ ಸುಮ್ಮನಾಗುತ್ತಿತ್ತು. ನಾನು ಏನೂ ಒತ್ತಬೇಕಿರಲಿಲ್ಲ.

ಅಪ್‌ಡೇಟಿನ ಮೇಲೆ ಅಪ್‌ಡೇಟು

ಎರಡು ವರ್ಷ ಹೀಗೇ ನಡೆಯಿತು. 2018ರ ಕೊನೆಯಲ್ಲಿ ಒಂದು ದಿನ ತೆರೆದರೆ ರೂಪವೇ ಬೇರೆ. ಹಳೆಯ ಗುಂಡಿಗಳು ಇದ್ದ ಜಾಗದಲ್ಲಿಲ್ಲ. ಹಸಿರು ಗುರುತು ಹೋಗಿ ಕಪ್ಪು ಪರದೆ, ಅದರ ಮೇಲೆ ಬೂದು ಅಕ್ಷರ. ನನ್ನ ಕನ್ನಡಕಕ್ಕೆ ಅದು ಕಾಣಿಸುವುದೇ ಇಲ್ಲ. ಪೆನ್‌ಡ್ರೈವ್ ಪರೀಕ್ಷೆ ಮಾಡುವ ಗುಂಡಿ ಎಲ್ಲಿ ಹೋಯಿತೆಂದು ಹುಡುಕಲು ಅರ್ಧ ದಿನ ಹಿಡಿಯಿತು. ಅದು ಮೂರು ಬಾಗಿಲು ದಾಟಿ ಒಳಕೋಣೆ ಸೇರಿತ್ತು.

ಅದಾದ ಮೇಲೆ ಎಚ್ಚರಿಕೆಗಳ ಮಳೆ. ನಿಮ್ಮ ಕಂಪ್ಯೂಟರಿನಲ್ಲಿ 1,312 ತೊಂದರೆಗಳಿವೆ ಎಂದು ಕೆಂಪಕ್ಷರದಲ್ಲಿ ಬಂತು. ಎದೆ ಧಸಕ್ ಅಂತು. ಸರಿಪಡಿಸು ಎಂದು ಒತ್ತಿದರೆ ದುಡ್ಡು ಕಟ್ಟುವ ಪುಟ. ಅಳಿಯನನ್ನು ಕೇಳಿದರೆ "ಅದೆಲ್ಲ ಕಸದ ಫೈಲು ಮಾವ, ವೈರಸ್ಸಲ್ಲ. ಮಾರಾಟದ ಆಟ" ಅಂದ. ದಿನಕ್ಕೆ ನಾಲ್ಕು ಸಲ ಬಾಗಿಲು ಬಡಿದು, ನಿಮ್ಮ ವಿಳಾಸ ಲೋಕಕ್ಕೆಲ್ಲ ಕಾಣುತ್ತಿದೆ, ಮುಚ್ಚಿಕೊಳ್ಳಬೇಕಾದರೆ ಇಷ್ಟು ಕೊಡಿ ಎಂದು ಹೆದರಿಸುವುದು. ಇ-ಮೇಲ್ ಕೊಟ್ಟು ಖಾತೆ ತೆರೆಯಿರಿ ಎನ್ನುವುದು. ಬೇಡವೆನ್ನುವ ಗುಂಡಿ ಮೂಲೆಯಲ್ಲಿ ಎಳ್ಳುಕಾಳಿನಷ್ಟು. ಹಳೇ ಯಂತ್ರ ಬೇರೆ, ಈ ಭಾರಕ್ಕೆ ಏದುಸಿರು ಬಿಡುತ್ತಿತ್ತು. ಶುರುವಾಗುವಷ್ಟರಲ್ಲಿ ಒಂದು ಜೊತೆ ಎತ್ತಿಗೆ ನೀರು ಕುಡಿಸಿ ಬರಬಹುದಿತ್ತು.

ನಿಜವಾದ ಎಚ್ಚರಿಕೆ ಯಾವುದು, ವ್ಯಾಪಾರ ಯಾವುದು ಎಂದು ಗುರುತಿಸುವುದನ್ನೇ ನಾನು ಬಿಟ್ಟೆ. ಏನೇ ಬಂದರೂ ಓದದೆ ಮುಚ್ಚುವುದು ರೂಢಿಯಾಯಿತು. ತೊಂದರೆಯ ಬೇರು ಇಲ್ಲೇ ಇದೆ ಅಂತ ಆಮೇಲೆ ತಿಳಿಯಿತು.

ಬಿತ್ತನೆಯ ಹೊತ್ತಿನಲ್ಲಿ

2019ರ ಜೂನ್. ಮೃಗಶಿರ ಹನಿ ಹಾಕಿತ್ತು. ಬೀಜ ಕೇಳಿಕೊಂಡು ಜನ ಬರುವ ವಾರ. ಬೆಳಿಗ್ಗೆ ಕಂಪ್ಯೂಟರ್ ಹಾಕಿದೆ, ರಾತ್ರಿ ಏನೋ ಅಪ್‌ಡೇಟ್ ಆಗಿದೆ ಎಂದು ತೋರಿಸಿತು. ಪಟ್ಟಿ ತೆರೆದು ಕನ್ನಡ ಟೈಪ್ ಮಾಡಹೋದರೆ ಒಂದಕ್ಷರ ಮೂಡದು. ಎಲ್ಲ ಇಂಗ್ಲಿಷ್ ಅಕ್ಷರವೇ. ಮೂರು ವರ್ಷದಿಂದ ಬಳಸುತ್ತಿದ್ದ ಕನ್ನಡ ಟೈಪಿಂಗ್ ತಂತ್ರಾಂಶವೇ ಮಾಯ! ಅಂಗಳದಲ್ಲಿ ಹನ್ನೊಂದು ಜನ ಚೀಲ ಹಿಡಿದು ಕೂತಿದ್ದರು.

ಏನಾಗಿತ್ತೆಂದು ಅಳಿಯ ಫೋನಿನಲ್ಲಿ ವಿವರಿಸಿದ. ನಾವು ಒತ್ತುವ ಪ್ರತಿಯೊಂದು ಕೀಲಿಯನ್ನು ನಡುವೆ ಹಿಡಿದು ಕನ್ನಡ ಅಕ್ಷರವಾಗಿ ಬದಲಿಸಿಕೊಡುವುದು ಈ ತಂತ್ರಾಂಶದ ಕೆಲಸ. ಪಾಸ್‌ವರ್ಡ್ ಕದಿಯುವ ಕಳ್ಳ ತಂತ್ರಾಂಶವೂ ಹೀಗೇ ನಡುವೆ ನಿಂತು ಕೀಲಿ ಹಿಡಿಯುತ್ತದೆ. ಹೊಸ ಅಪ್‌ಡೇಟಿನಲ್ಲಿ ಕಾವಲು ಬಿಗಿಯಾಗಿ, ನಡತೆ ನೋಡಿ ನಮ್ಮ ಕನ್ನಡದವನನ್ನೇ ಕಳ್ಳನೆಂದು ಹಿಡಿದು ಕ್ವಾರಂಟೈನಿಗೆ ಹಾಕಿತ್ತು. ಕ್ವಾರಂಟೈನ್ ಎಂದರೆ ಕೊಂದುಹಾಕುವುದಲ್ಲ. ನೀಲಿ ನಾಲಿಗೆ ರೋಗದ ಅನುಮಾನ ಬಂದ ಕುರಿಯನ್ನು ಬೇರೆ ರೊಪ್ಪದಲ್ಲಿ ಕೂಡುತ್ತೇವಲ್ಲ, ಹಾಗೆ. ರೊಪ್ಪದ ಬಾಗಿಲು ತೆಗೆದು, 'ಇದು ನಮ್ಮದು, ಇನ್ನು ಮುಂದೆ ಹಿಡಿಯಬೇಡ' ಎಂದು ಹೇಳಿದರೆ ಮುಗಿಯಿತು.

ಹೇಳಲು ಸುಲಭ. ಆ ಬಾಗಿಲು ಹೊಸ ರೂಪದಲ್ಲಿ ಎಲ್ಲಿದೆ ಎಂಬುದು ಅಳಿಯನಿಗೂ ಫೋನಿನಲ್ಲಿ ಹೇಳಲಾಗಲಿಲ್ಲ. ಅವನ ನೆನಪಿನಲ್ಲಿದ್ದದ್ದು ಹಳೆಯ ರೂಪ. ಅರ್ಧ ಗಂಟೆ "ಎಡಗಡೆ ನೋಡು, ಮೂರು ಗೆರೆ ಐತಾ?" "ಇಲ್ಲ ಕಣೋ" ಎಂದು ಮಾತಾಡಿ ಇಬ್ಬರಿಗೂ ಸಾಕಾಯಿತು. ಅಂಗಳದಿಂದ ಒಬ್ಬರು, "ಪುಸ್ತಕದಾಗೇ ಬರ್ಕಳಣ್ಣ, ಹದ ಆರೋಗ್ತದೆ" ಅಂದರು. ನನಗೆ ಅವಮಾನವಾದಂತಾಯಿತು. ಕಾವಲಿನ ಗುರುತಿನ ಮೇಲೆ ಒತ್ತಿದಾಗ ಒಂದು ಪಟ್ಟಿ ಬಂತು: ಹತ್ತು ನಿಮಿಷ ನಿಲ್ಲಿಸು, ಒಂದು ಗಂಟೆ ನಿಲ್ಲಿಸು, ಶಾಶ್ವತವಾಗಿ ನಿಲ್ಲಿಸು. ನಾನು ಶಾಶ್ವತ ಎಂಬುದನ್ನು ಒತ್ತಿದೆ. ಅಷ್ಟಕ್ಕೂ ಸಮಾಧಾನವಾಗದೆ ಸಂಜೆ ಇಡೀ ತಂತ್ರಾಂಶವನ್ನೇ ತೆಗೆದುಹಾಕಿದೆ. ಕಂಪ್ಯೂಟರ್ ಗಾಳಿ ಹೊಡೆದ ಸೈಕಲ್ಲಿನಂತೆ ಓಡತೊಡಗಿತು. ಅದನ್ನು ಕಂಡು ಹಿಗ್ಗಿದೆ ಕೂಡ.

ಕನ್ನಡ ತಂತ್ರಾಂಶ ಮಾತ್ರ ವಾಪಸು ಬರಲಿಲ್ಲ. ಕಾವಲನ್ನು ತೆಗೆಯುವಾಗ ಕೂಡಿಟ್ಟ ಫೈಲುಗಳೂ ಅದರ ಜೊತೆ ಹೋದವು. ಅಳಿಯ ಬಂದು ಹೊಸದಾಗಿ ಹಾಕುವ ತನಕ ಕಾಯಬೇಕಾಯಿತು.

ಒಲೆಗೆ ಹಾಕಿದ ಚೀಟಿ

ಇಲ್ಲಿ ಹಿಂದಿನ ವರ್ಷದ ಮಾತು ಸ್ವಲ್ಪ ಹೇಳಬೇಕು. 2018ರ ಮುಂಗಾರು ನಮ್ಮ ಸೀಮೆಗೆ ಕೈಕೊಟ್ಟಿತ್ತು. ಆ ಸಲ ಸರ್ಕಾರ 100 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಅದೇ ವರ್ಷ ನಾವು ಮೂರು ಹೊಲದಲ್ಲಿ ಒಂಬತ್ತು ಬಗೆಯ ನವಣೆಯನ್ನು ಸಾಲುಸಾಲಾಗಿ ಬಿತ್ತಿ ನೋಡಿದ್ದೆವು. ಕೆಂಪು, ಹಾಲು, ಕರಿ, ಜಡೆಯಂಥ ಉದ್ದ ತೆನೆಯದು, ಇನ್ನೂ ಹೆಸರೇ ಗೊತ್ತಿಲ್ಲದವು. ಒಂದೇ ಮಳೆಗೆ ಯಾವ ಸಾಲು ಎಷ್ಟು ಮೊಳೆಯಿತು, ಇಪ್ಪತ್ತೆಂಟು ದಿನ ಹನಿ ಇಲ್ಲದಾಗ ಯಾವುದು ಬಾಡಿ ಮತ್ತೆ ಎದ್ದಿತು, ಯಾವುದು ಸತ್ತೇ ಹೋಯಿತು ಎಂದು ಹೊಲದಲ್ಲೇ ಚೀಟಿ ಬರೆದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೆ. ಬರಗಾಲದಲ್ಲಿ ಬೀಜದ ಗುಣ ಕಾಣುವಷ್ಟು ಒಳ್ಳೇ ಮಳೆಯಲ್ಲಿ ಕಾಣುವುದಿಲ್ಲ. ಒಳ್ಳೇ ಮಳೆಗೆ ಎಲ್ಲವೂ ಬೆಳೆಯುತ್ತವೆ. ಹಾಗಾಗಿ ಅವು ಬಲು ಬೆಲೆಯ ಚೀಟಿಗಳು.

ನಮ್ಮ ಯಂತ್ರದಲ್ಲಿ ಕನ್ನಡ ಇಲ್ಲವಾದ್ದರಿಂದ ಜುಲೈನಲ್ಲಿ ಡಬ್ಬಿ ಹಿಡಿದು ಜೆರಾಕ್ಸ್ ಅಂಗಡಿಗೆ ಹೋದೆ. ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಎರಡು ದಿನ ಕೂತು ಟೈಪ್ ಮಾಡಿದೆ. ಪೆನ್‌ಡ್ರೈವಿಗೆ ಉಳಿಸಿಕೊಂಡು ಬಂದೆ. ಟೈಪ್ ಆಯಿತಲ್ಲ, ಇನ್ನು ಈ ಕಾಗದ ಯಾಕೆ ಎಂದು ಚೀಟಿಗಳನ್ನು ಒಲೆ ಹಚ್ಚಲು ಹಾಕಿದೆ. ನನ್ನ ಹೆಂಡತಿ "ಇರ್ಲಿ ಬಿಡ್ರಿ, ಏನು ಅನ್ನ ಕೇಳ್ತವಾ" ಅಂದಿದ್ದಳು. ಅವಳ ಮಾತು ಕೇಳಬೇಕಿತ್ತು.

ಪೆನ್‌ಡ್ರೈವನ್ನು ಕಾವಲಿಲ್ಲದ ನಮ್ಮ ಕಂಪ್ಯೂಟರಿಗೆ ಚುಚ್ಚಿದೆ. ನೋಡಿದರೆ ಎಲ್ಲ ಫೋಲ್ಡರಿನ ಮೂಲೆಯಲ್ಲೂ ಒಂದು ಸಣ್ಣ ಬಾಣದ ಗುರುತು. ಒತ್ತಿದೆ, ಏನೋ ಮಿಂಚಿ ಮರೆಯಾಯಿತು. ವಾರದೊಳಗೆ ಆ ಯಂತ್ರಕ್ಕೆ ಚುಚ್ಚಿದ ಇನ್ನೆರಡು ಪೆನ್‌ಡ್ರೈವಿಗೂ ಅದೇ ಬಾಣ ಬಂತು. ಇದಕ್ಕೆ ಶಾರ್ಟ್‌ಕಟ್ ವೈರಸ್ ಎನ್ನುತ್ತಾರೆ. ನಮ್ಮ ಫೈಲುಗಳನ್ನು ಅದು ಅಳಿಸುವುದಿಲ್ಲ, ಕಾಣದಂತೆ ಅಡಗಿಸುತ್ತದೆ. ಅದೇ ಹೆಸರಿನ ಸುಳ್ಳು ಗುರುತು ಮುಂದಿಡುತ್ತದೆ. ಒತ್ತಿದವನು ಫೋಲ್ಡರ್ ತೆರೆದೆ ಎಂದುಕೊಂಡರೆ ತೆರೆದದ್ದು ವೈರಸ್ಸನ್ನು.

ಅಡಗಿವೆ, ಅಳಿದಿಲ್ಲ ಎಂಬ ಈ ಒಂದು ಮಾತು ನನಗೆ ಆಗ ಗೊತ್ತಿರಲಿಲ್ಲ. ಊರಿನ ಹುಡುಗನೊಬ್ಬ "ಎಲ್ಲ ಹೋಗೈತೆ ಅಜ್ಜ, ಫಾರ್ಮ್ಯಾಟ್ ಹೊಡಿ" ಅಂದ. ಹೊಡೆದೆ. ಖಾಲಿಯಾದ ಪೆನ್‌ಡ್ರೈವಿಗೆ ಮಗಳು ಮದುವೆ ಫೋಟೋಗಳನ್ನು ತುಂಬಿಸಿಕೊಂಡಳು. ದೀಪಾವಳಿಗೆ ಅಳಿಯ ಬಂದವನು ತಲೆ ಮೇಲೆ ಕೈ ಹೊತ್ತ. ಕಂಪ್ಯೂಟರಿನೊಳಗೆ ಅಡಗಿದ್ದ ಹಳೇ ಪಟ್ಟಿಗಳನ್ನೆಲ್ಲ ಹತ್ತು ನಿಮಿಷದಲ್ಲಿ ಎಬ್ಬಿಸಿದ. ಆ ಪೆನ್‌ಡ್ರೈವ್ ಮಾತ್ರ ಆಗಲಿಲ್ಲ. ಫಾರ್ಮ್ಯಾಟ್ ಮಾಡಿದ ಮೇಲೂ ಏನೂ ತುಂಬದೆ ಇಟ್ಟಿದ್ದರೆ ತೆಗೆಯುವ ಸಾಧ್ಯತೆ ಇತ್ತಂತೆ. ಮದುವೆ ಫೋಟೋ ಅದರ ಮೇಲೆ ಕೂತಿದ್ದವು.

ಒಂಬತ್ತು ನವಣೆಯಲ್ಲಿ ಆ ಬರದಲ್ಲಿ ಎದ್ದು ನಿಂತವು ಎರಡೋ ಮೂರೋ. ನೆನಪಿನಿಂದ ಒಂದನ್ನು ಹೇಳಬಲ್ಲೆ. ಉಳಿದವು ಯಾವುವೆಂದು ಹದಿನಾಲ್ಕು ಮಂದಿ ಕೂತು ವಾದ ಮಾಡಿದರೂ ತೀರ್ಮಾನವಾಗಲಿಲ್ಲ.

ತಪ್ಪು ಯಾರದು

ನಾನು ಕಾವಲಿನವರನ್ನು ಬೈದೆ. ಅಳಿಯ ನನ್ನನ್ನು ಬೈದ. ಈ ಐದಾರು ವರ್ಷ ಅವನನ್ನು ಕೇಳಿ, ಓದಿಸಿ ತಿಳಿದ ಮೇಲೆ ಹೇಳುತ್ತೇನೆ, ಇಬ್ಬರದೂ ತಪ್ಪಿದೆ. ಕಾವಲು ಮಾಡುವವರು ಬಿಗಿ ಮಾಡಿದಷ್ಟೂ ಭದ್ರ ಎಂದುಕೊಳ್ಳುತ್ತಾರೆ. ಬಳಸುವವನಿಗೆ ಬೇಸರ ಬಂದರೆ ಅವನು ಪೂರ್ತಿ ಕಿತ್ತೊಗೆಯುತ್ತಾನೆ ಎಂಬುದು ಅವರ ಲೆಕ್ಕದಲ್ಲಿ ಇರುವುದಿಲ್ಲ. ಕಿತ್ತೊಗೆದ ಮೇಲೆ ಭದ್ರತೆ ಸೊನ್ನೆ.

ಇದು ನನ್ನೊಬ್ಬನ ಕಥೆಯಲ್ಲ. 2007ರ ಜನವರಿಯಲ್ಲಿ ಮೈಕ್ರೋಸಾಫ್ಟ್‌ನವರು ವಿಂಡೋಸ್ ವಿಸ್ಟಾ ಎಂಬುದನ್ನು ಜನರ ಕೈಗೆ ಬಿಟ್ಟರು. ಯಂತ್ರದಲ್ಲಿ ಏನನ್ನಾದರೂ ಬದಲಿಸಹೋದರೆ ಪರದೆ ಮಂಕಾಗಿ 'ಮುಂದುವರಿಯಲೇ?' ಎಂದು ಕೇಳುತ್ತಿತ್ತು. ಉದ್ದೇಶ ಒಳ್ಳೆಯದೇ, ಕಳ್ಳ ತಂತ್ರಾಂಶ ಸದ್ದಿಲ್ಲದೆ ಒಳನುಗ್ಗದಿರಲಿ ಎಂದು. ಆದರೆ ಸಣ್ಣಪುಟ್ಟದ್ದಕ್ಕೆಲ್ಲ ಕೇಳಿದ್ದರಿಂದ ಜನ ಓದದೆ 'ಹೂಂ' ಒತ್ತಿದರು, ಕೆಲವರು ಕೇಳುವುದನ್ನೇ ನಿಲ್ಲಿಸಿಬಿಟ್ಟರು. 2009ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 7ರಲ್ಲಿ ಕೇಳುವುದನ್ನು ಕಡಿಮೆ ಮಾಡಿ, ಎಷ್ಟು ಕೇಳಬೇಕು ಎಂಬುದಕ್ಕೆ ನಾಲ್ಕು ಮೆಟ್ಟಿಲು ಇಟ್ಟರು. ಸಜ್ಜೆ ಹೊಲದ ಬೆದರುಗೊಂಬೆ ಗೊತ್ತಲ್ಲ, ಮೂರು ದಿನ ಹಕ್ಕಿ ಹೆದರುತ್ತದೆ, ನಾಲ್ಕನೇ ದಿನ ಅದರ ತಲೆ ಮೇಲೇ ಕೂರುತ್ತದೆ. ಎಚ್ಚರಿಕೆಯೂ ಹಾಗೇ.

ಪಾಸ್‌ವರ್ಡಿನ ವಿಷಯದಲ್ಲೂ ಹೀಗೇ ಆಯಿತು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಹಿಂದೆ ಕೊಟ್ಟ ಸಲಹೆಯನ್ನು ಹಿಡಿದು ಎಲ್ಲ ಕಡೆ ದೊಡ್ಡಕ್ಷರ, ಅಂಕಿ, ಚಿಹ್ನೆ ಸೇರಿಸಿ, ಆಗಾಗ ಬದಲಿಸಿ ಎಂಬ ಕಾನೂನು ಬಂತು. ಜನ ಏನು ಮಾಡಿದರು? ಕೊನೆಯ 1 ಅನ್ನು 2 ಮಾಡಿದರು, ನನ್ನಂತೆ ಕ್ಯಾಲೆಂಡರಿನ ಹಿಂದೆ ಬರೆದರು. 2017ರಲ್ಲಿ ಅದೇ ಸಂಸ್ಥೆ ಸಲಹೆ ಬದಲಿಸಿತು. ಕದ್ದುಹೋದ ಸುಳಿವಿಲ್ಲದಿದ್ದರೆ ಸುಮ್ಮಸುಮ್ಮನೆ ಬದಲಿಸಲು ಒತ್ತಾಯಿಸಬೇಡಿ, ಚಿಹ್ನೆಯ ಕಾಟಕ್ಕಿಂತ ಉದ್ದ ಮುಖ್ಯ ಎಂದಿತು. ಹಳೇ ಸಲಹೆ ಬರೆದವರೇ ಅದಕ್ಕೆ ಪಶ್ಚಾತ್ತಾಪಪಟ್ಟರೆಂದು ಪತ್ರಿಕೆಯಲ್ಲಿ ಬಂದಿತ್ತು. ನಾನೀಗ ನಾಲ್ಕು ಸಂಬಂಧವಿಲ್ಲದ ಪದ ಜೋಡಿಸುತ್ತೇನೆ. ನೇಗಿಲು, ನೆಂಟ, ಉಪ್ಪು, ರೈಲು ಎಂಬ ರೀತಿ. ಇದೇ ಪದ ಬಳಸಬೇಡಿ ಮತ್ತೆ!

ಅಪ್‌ಡೇಟ್ ಬೇಕೇ ಬೇಡವೇ

ಇಷ್ಟು ಕೇಳಿದವರು, ಹಾಗಾದರೆ ಅಪ್‌ಡೇಟೇ ಮಾಡುವುದು ಬೇಡ ಅನ್ನುತ್ತಾರೆ. ಅದೂ ತಪ್ಪು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ವೈರಸ್ ನೂರೈವತ್ತರಷ್ಟು ದೇಶಗಳಲ್ಲಿ ಹರಡಿತು. ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುವ ಜಾತಿ. ನಮ್ಮ ಪಕ್ಕದ ಆಂಧ್ರದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳಿಗೂ ತಗುಲಿತು. ಅದು ನುಗ್ಗುತ್ತಿದ್ದ ಕಂಡಿಯನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಂಡವರು ಉಳಿದರು.

ಇನ್ನೊಂದು ಮಗ್ಗುಲೂ ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ಕಂಪನಿ ಕಳಿಸಿದ ಒಂದು ದೋಷದ ಅಪ್‌ಡೇಟಿನಿಂದ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕೆಟ್ಟು ಕೂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಕೈಯಲ್ಲಿ ಬರೆದ ಚೀಟಿ ಕೊಟ್ಟು ಜನರನ್ನು ವಿಮಾನ ಹತ್ತಿಸಿದರು. ಅಷ್ಟು ದೊಡ್ಡವರಿಗೇ ಕೊನೆಗೆ ಚೀಟಿ ಬೇಕಾಯಿತು ನೋಡಿ.

ಹಾಗಾಗಿ ಅಪ್‌ಡೇಟ್ ಮಾಡಬೇಕು, ಆದರೆ ಬಿತ್ತನೆಯ ಬೆಳಿಗ್ಗೆ ಅಲ್ಲ. ಮೊದಲು ಪ್ರತಿ ತೆಗೆದಿಟ್ಟುಕೊಂಡು, ಕೆಲಸವಿಲ್ಲದ ದಿನ ನೋಡಿ ಮಾಡಬೇಕು. ನಮ್ಮ ಕಡೆ ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ. ನನಗೆ ಅದೇ ಪ್ರತಿ ತೆಗೆಯುವ ದಿನ. ತಿಂಗಳಿಗೊಮ್ಮೆ ಮರೆಯದೆ ಬರುತ್ತದೆ.

ಫೋನಿನ ಕಾವಲು

ಫೋನಿನಲ್ಲಿ ಈ ಬಿಗಿ ಇನ್ನೂ ಸದ್ದಿಲ್ಲದೆ ಬರುತ್ತದೆ. ನಮ್ಮ ಖುಷ್ಕಿ ಸೀಮೆಯಲ್ಲಿ ಮುಂಗಾರಿಗೆ ಮೊದಲಿನ ಮಳೆಯಲ್ಲಿ ಸಿಡಿಲು ಹೆಚ್ಚು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ದಾಮಿನಿಯಂಥ ಆ್ಯಪ್ ಇದ್ದರೆ ಸುತ್ತ ಎಲ್ಲಿ ಸಿಡಿಲು ಬಡಿಯುತ್ತಿದೆ ಎಂದು ತಿಳಿಸುತ್ತದೆ. ಅದಕ್ಕೆ ನಾವಿರುವ ಜಾಗ ನೋಡಲು ಅನುಮತಿ ಬೇಕು. 2020ರಲ್ಲಿ ಬಂದ ಆಂಡ್ರಾಯ್ಡ್ 11ರಿಂದ ಒಂದು ಹೊಸ ನಿಯಮವಿದೆ. ಕೆಲವು ತಿಂಗಳು ತೆರೆಯದ ಆ್ಯಪ್‌ಗೆ ಕೊಟ್ಟ ಅನುಮತಿಯನ್ನು ಫೋನು ತಾನೇ ವಾಪಸು ಪಡೆಯುತ್ತದೆ. ಬಳಸದ ಆ್ಯಪ್ ನಮ್ಮ ಗುಟ್ಟು ಕದಿಯದಿರಲಿ ಎಂಬುದು ಉದ್ದೇಶ. ಸರಿಯೇ. ಆದರೆ ಸಿಡಿಲಿನ ಆ್ಯಪನ್ನು ದೀಪಾವಳಿಯಿಂದ ಯುಗಾದಿ ತನಕ ಯಾರು ತೆರೆಯುತ್ತಾರೆ?

2022ರ ಮೇ ತಿಂಗಳಲ್ಲಿ ತಮ್ಮನ ಎರಡು ಕುರಿ ಬೇವಿನ ಮರದ ಬುಡದಲ್ಲಿ ಸಿಡಿಲಿಗೆ ಸತ್ತವು. ಹಿಂದಿನ ವರ್ಷ ಬಡಿದುಕೊಳ್ಳುತ್ತಿದ್ದ ನನ್ನ ಫೋನು ಅಂದು ಸುಮ್ಮನಿತ್ತು. ಸದ್ದು ಬಂದಿದ್ದರೂ ಕುರಿ ಉಳಿಯುತ್ತಿದ್ದವೋ ಇಲ್ಲವೋ ಹೇಳಲಾರೆ. ಆದರೆ ತಮ್ಮನೂ ಆ ಮರದಿಂದ ದೂರವಿರಲಿಲ್ಲ. ಆಮೇಲೆ ನೋಡಿದರೆ ಜಾಗದ ಅನುಮತಿ ತೆಗೆದುಹಾಕಿತ್ತು. ಓದುಗರು ಇದೊಂದನ್ನು ಇವತ್ತೇ ಮಾಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ಎಂಬಲ್ಲಿ ಹೋಗಿ ಸಿಡಿಲಿನ ಆ್ಯಪ್ ಹೆಸರು ಒತ್ತಿ, ಕೆಳಗೆ 'ಬಳಸದಿದ್ದರೆ ಆ್ಯಪ್ ನಿಲ್ಲಿಸು' ಎಂಬ ಅರ್ಥದ ಒಂದು ಸ್ವಿಚ್ ಇರುತ್ತದೆ, ಅದನ್ನು ಆರಿಸಿ. ಮಾತು ಫೋನಿನಿಂದ ಫೋನಿಗೆ ಕೊಂಚ ಬೇರೆ. ಈ ಒಂದು ಆ್ಯಪ್‌ಗೆ ಮಾತ್ರ ಆರಿಸಿ, ಎಲ್ಲಕ್ಕೂ ಬೇಡ. ಮತ್ತೆ ಭರಣಿ ಮಳೆಗೆ ಮೊದಲು ಒಮ್ಮೆ ತೆರೆದು ನೋಡಿ.

ಫೋನಿನಲ್ಲಿ ಎಂದೂ ಮೀರಬಾರದ ಎಚ್ಚರಿಕೆಯೂ ಒಂದಿದೆ. ಕಳೆದ ವರ್ಷ ನಮ್ಮೂರಿನವರೊಬ್ಬರಿಗೆ ವಾಟ್ಸಾಪಿನಲ್ಲಿ ಪಿಎಂ ಕಿಸಾನ್ ಹೆಸರಿನ ಒಂದು ಫೈಲು ಬಂತು. ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿತ್ತು. ಒತ್ತಿದಾಗ ಫೋನು, ಇದು ಗೊತ್ತಿಲ್ಲದ ಮೂಲದ್ದು, ಹಾಕಬೇಡ ಎಂದೇ ಹೇಳಿತು. ಅವರು ಎಲ್ಲಕ್ಕೂ ಒತ್ತುವಂತೆ ಅದಕ್ಕೂ 'ಅಲೋ' ಒತ್ತಿದರು. ಎಸ್ಸೆಮ್ಮೆಸ್ ಓದಲು ಕೇಳಿತು, ಅದಕ್ಕೂ ಒತ್ತಿದರು. ರಾತ್ರಿ ಬೆಳಗಾಗುವುದರೊಳಗೆ ಕುರಿ ಮಾರಿದ ಇಪ್ಪತ್ಮೂರು ಸಾವಿರ ಖಾತೆಯಿಂದ ಹೋಯಿತು. 1930ಕ್ಕೆ ಫೋನ್ ಮಾಡಿದ್ದು ಮರುದಿನ ಮಧ್ಯಾಹ್ನ. ಕೂಡಲೇ ಮಾಡಿದರೆ ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶ ಹೆಚ್ಚು. ಅವರನ್ನು ಬೈಯಲು ನನಗೆ ಬಾಯಿಲ್ಲ. ಓದದೆ ಒತ್ತುವುದನ್ನು ನಾನೂ ಮಾಡಿದವನೇ.

ಈಗ ನಮ್ಮಲ್ಲಿ ಹೇಗಿದೆ

2019ರ ಡಿಸೆಂಬರಿನಲ್ಲಿ ಅಳಿಯ ನಮ್ಮ ಯಂತ್ರಕ್ಕೆ ವಿಂಡೋಸ್ 10 ಹಾಕಿದ, ಏಕೆಂದರೆ ವಿಂಡೋಸ್ 7ಕ್ಕೆ ಅಪ್‌ಡೇಟ್ ಬರುವುದು 2020ರ ಜನವರಿ 14ಕ್ಕೆ ನಿಲ್ಲುವುದಿತ್ತು. ಹತ್ತರಲ್ಲಿ ಕಾವಲು ಅದರೊಳಗೇ ಇದೆ, ಬೇರೆ ಆ್ಯಂಟಿವೈರಸ್ ಬೇಡವೆಂದ. ದುಡ್ಡು ಕೇಳುವ, ಹೆದರಿಸುವ ಕಾಟ ತಪ್ಪಿತು. ಅದೂ ಒಮ್ಮೆ ಕನ್ನಡ ತಂತ್ರಾಂಶವನ್ನು ಹಿಡಿಯಿತು. ಈ ಸಲ ನನಗೆ ದಾರಿ ಗೊತ್ತಿತ್ತು. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ ಪ್ರೊಟೆಕ್ಷನ್ ಹಿಸ್ಟರಿ ಎಂಬಲ್ಲಿ ಹಿಡಿದವುಗಳ ಪಟ್ಟಿ ಇರುತ್ತದೆ. ಅದರಲ್ಲಿ ನಮ್ಮದನ್ನು ಆರಿಸಿ ಬಿಡುಗಡೆ ಮಾಡುವುದು. ಆ ತಂತ್ರಾಂಶ ಸರಿಯಾದ ಜಾಗದಿಂದ ತಂದದ್ದೆಂದು ಖಾತ್ರಿ ಇದ್ದರೆ ಮಾತ್ರ. ಈ ದಾರಿಯನ್ನು ರಟ್ಟಿನ ಮೇಲೆ ಬರೆದು ಕಂಪ್ಯೂಟರಿನ ಪಕ್ಕ ನೇತುಹಾಕಿದ್ದೇನೆ. ರೂಪ ಬದಲಾದರೆ ರಟ್ಟನ್ನೂ ಬದಲಿಸುತ್ತೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೂ ಮಾಮೂಲಿ ಅಪ್‌ಡೇಟ್ ನಿಂತಿತು. ವಿಂಡೋಸ್ 11 ನಮ್ಮ ಹಳೇ ಯಂತ್ರಕ್ಕೆ ಕೂರುವುದಿಲ್ಲ, ಭದ್ರತೆಗೆಂದು ಅದು ಕೇಳುವ ಚಿಪ್ಪು ಇದರಲ್ಲಿಲ್ಲ. ಓಡುತ್ತಿರುವ ಯಂತ್ರವನ್ನು ಭದ್ರತೆಯ ಹೆಸರಿನಲ್ಲಿ ಎಸೆಯಬೇಕೆಂದರೆ ನನಗೆ ಹೊಟ್ಟೆಯುರಿಯುತ್ತದೆ. ಸಭೆ ಸೇರಿ ತೀರ್ಮಾನ ಮಾಡಿದೆವು. ಅದಕ್ಕೆ ಇಂಟರ್‌ನೆಟ್ ತಂತಿ ಕಿತ್ತು, ಬರೀ ಬೀಜದ ಪಟ್ಟಿಗೆ ಇಟ್ಟುಕೊಂಡಿದ್ದೇವೆ. ಅಂಗಡಿಗೆ ಹೋಗುವ ಪೆನ್‌ಡ್ರೈವಿಗೆ ಕೆಂಪು ದಾರ ಕಟ್ಟಿದೆ, ಅದು ಹೋದರೆ ವಾಪಸು ನಮ್ಮ ಯಂತ್ರಕ್ಕೆ ಚುಚ್ಚುವಂತಿಲ್ಲ. ಮುಂದಿನ ಸಲ ಬೇಕಾದಾಗ ಅಳಿಯನ ಅಂಗಡಿಯಲ್ಲಿ ಖಾಲಿ ಮಾಡಿಸಿ, ಪರೀಕ್ಷೆ ಮಾಡಿಸಿಯೇ ತರಬೇಕು. ಪ್ರತಿ ಇಡುವ ಪೆನ್‌ಡ್ರೈವ್ ಎರಡು, ಒಂದು ನಮ್ಮನೆಯ ಕಾಳಿನ ಪೆಟ್ಟಿಗೆಯಲ್ಲಿ, ಇನ್ನೊಂದು ಬೇರೆ ಊರಿನ ಸದಸ್ಯರ ಮನೆಯಲ್ಲಿ. ಅವು ಅಂಗಡಿಯ ಮುಖ ನೋಡಿಲ್ಲ.

2023ರಲ್ಲಿ ಮತ್ತೆ ಬರ ಬಂತು, 223 ತಾಲ್ಲೂಕು. ಆ ವರ್ಷ ಉಳಿದಿದ್ದ ಏಳು ಬಗೆಯ ನವಣೆಯನ್ನು ಪುನಃ ಸಾಲು ಹಿಡಿದು ಬಿತ್ತಿದ್ದೆವು. ಎರಡು ಬಗೆ ಈ ನಡುವೆ ಕೈತಪ್ಪಿಹೋಗಿದ್ದವು. ಯಾವುದು ಬಾಡಿ ಎದ್ದಿತು ಎಂಬ ಲೆಕ್ಕ ಕಂಪ್ಯೂಟರಿನಲ್ಲಿದೆ, ಎರಡು ಪೆನ್‌ಡ್ರೈವಿನಲ್ಲಿದೆ, ನೋಟುಬುಕ್ಕಿನಲ್ಲೂ ಇದೆ. ಹೊಲದಲ್ಲಿ ಬರೆದ ಚೀಟಿಗಳು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಡಬ್ಬಿಯನ್ನು ಹೆಂಡತಿ ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾಳೆ, ಕೀಲಿ ನನಗೆ ಕೊಡುವುದಿಲ್ಲ.